ಬೊಂತೆ ಮತ್ತು ಹೊಸ ಬಟ್ಟೆ: ಒಂದು ವಿಮರ್ಶೆ

ವಿಮರ್ಶೆ ಅಂದರೆ ಕತೆ ಪುಸ್ತಕಕ್ಕೋ ಕವನಕ್ಕೋ ಬರೆಯೋದು ಅಂತ ನಮ್ಮ ಮೇಷ್ಟ್ರುಗಳ ಲೆಕ್ಕ. ನಾನು ಏಳನೇ ಕ್ಲಾಸಿಗೇ ಪುಸ್ತಕ ಮಡಚಿಟ್ಟವಳು. ರಾಗಿ ಹೊಲ, ರೇಷ್ಮೆ ಹುಳದ ಮನೆ, ಮದುವೆ ಮನೆಗಳಲ್ಲಿ ಸೋಬಾನೆ, ಇಷ್ಟರಲ್ಲೇ ಅರವತ್ತು ದಾಟಿತು. ಆದರೆ ಬಟ್ಟೆ ಮುಟ್ಟಿದರೆ ನೂಲು ಯಾವುದು, ಬಣ್ಣ ನಿಲ್ಲುತ್ತೋ ಇಲ್ಲವೋ, ಹೊಲಿಗೆ ಎಷ್ಟು ವರ್ಷ ತಾಳುತ್ತೆ ಅಂತ ಹೇಳಬಲ್ಲೆ. ಅದಕ್ಕೇ ಈ ಸಲ ವಾಚನಾಲಯದ ಪುಸ್ತಕಕ್ಕೆ ಬಟ್ಟೆಯ ವಿಮರ್ಶೆಯನ್ನೇ ಬರೀತೀನಿ ಅಂದೆ. ಬೇಡ ಅನ್ನಲಿಲ್ಲ.

ಪಟ್ಟಣಗಳಲ್ಲಿ ಈಗ ‘ಸುಸ್ಥಿರ ಫ್ಯಾಷನ್’ ಅಂತ ಒಂದು ಮಾತು ನಡೀತಿದೆ. ಬಟ್ಟೆ ಕಸ ಆಗೋದು ಕಡಿಮೆ ಆಗೋ ಹಾಗೆ ಉಡುಪನ್ನ ರೂಪಿಸಬೇಕು ಅಂತ ಅದರ ಅರ್ಥ. ಒಳ್ಳೆ ಮಾತೇ. ಆದರೆ ಈ ಮಾತು ಹುಟ್ಟೋಕೆ ಎಷ್ಟೋ ಮುಂಚೆಯಿಂದ ನಮ್ಮ ಅಜ್ಜಿಯರು ಬೊಂತೆ ಹೊಲೀತಿದ್ದರು. ಬಡಗಣ ಸೀಮೆಯವರು ಅದನ್ನೇ ಕೌದಿ ಅಂತಾರೆ. ಎರಡನ್ನೂ ಪಕ್ಕಪಕ್ಕ ಹಾಸಿ, ಯಾವುದರಲ್ಲಿ ಏನು ಗಟ್ಟಿ, ಏನು ಟೊಳ್ಳು ಅಂತ ನೋಡೋದೇ ನನ್ನ ಕೆಲಸ.

ಮೊದಲು ಬೊಂತೆ. ಅದು ಸೀರೆಯ ಆಯುಸ್ಸಿನ ನಾಲ್ಕನೇ ಘಟ್ಟ. ಹತ್ತಿ ಸೀರೆ ಮೊದಲು ಹಬ್ಬಕ್ಕೆ, ಆಮೇಲೆ ಹೊಲದ ಕೆಲಸಕ್ಕೆ. ಮೈಕಟ್ಟು ಸವೆದ ಮೇಲೆ ಜಂತೆಗೆ ಕಟ್ಟಿದರೆ ಕೂಸಿನ ತೊಟ್ಟಿಲು. ತೊಟ್ಟಿಲ ಭಾರ ತಾಳದೆ ಹೋದಾಗ ಅದು ಬೊಂತೆಯೊಳಕ್ಕೆ ಹೋಗುತ್ತೆ. ಬೊಂತೆಯೂ ಹರಿದರೆ ಮಸಿಬಟ್ಟೆ, ಅದರ ಚೂರು ದೀಪದ ಬತ್ತಿ, ಕೊನೆಗೆ ಉಳಿದದ್ದು ತಿಪ್ಪೆಗೆ. ತಿಪ್ಪೆಯಿಂದ ಹೊಲಕ್ಕೆ. ನಮ್ಮ ಮನೆಗಳಲ್ಲಿ ‘ಬಟ್ಟೆ ಕಸ’ ಅಂತ ಬೇರೆ ಒಂದು ಮಾತೇ ಇರಲಿಲ್ಲ.

ಹೊಲಿಯೋದರಲ್ಲೂ ಕಟ್ಟುಪಾಡು ಇದೆ. ಅತಿ ಸವೆದ ಬಟ್ಟೆ ನಡುವಿಗೆ ಹೋಗಬೇಕು, ಇನ್ನೂ ಜೀವ ಇರೋದು ಮೇಲಕ್ಕೆ ಬರಬೇಕು. ಗಟ್ಟಿ ಅಂಚು ಇರೋ ಪಟ್ಟಿಯನ್ನ ಸುತ್ತಲೂ ಕೊಡಬೇಕು, ಯಾಕಂದ್ರೆ ಎಳೆದಾಟ ಆಗೋದು ಅಲ್ಲೇ. ಹೊಲಿಗೆ ಸಾಲು ಬೆರಳಗಲಕ್ಕಿಂತ ದೂರ ಹೋದರೆ ಒಗೆದಾಗ ಒಳಗಿನ ಚಿಂದಿ ಮುದ್ದೆಯಾಗಿ ಒಂದು ಮೂಲೆಗೆ ಸೇರುತ್ತೆ. ಬಣ್ಣ ಯಾವುದರ ಪಕ್ಕ ಯಾವುದು ಅನ್ನೋದು ಹೊಲಿಯೋಳ ಮನಸ್ಸು. ನಾನು ಹಾಡೋಳು, ಅದಕ್ಕೇ ಇದು ನನಗೆ ಬೇಗ ತಿಳಿಯುತ್ತೆ. ಸೋಬಾನೆ ಕಟ್ಟೋದೂ ಹೀಗೇ. ತವರನ್ನ ಬಣ್ಣಿಸೋ ಸೊಲ್ಲು ಒಂದು ಹಾಡಿಂದ ಬರುತ್ತೆ, ಬೀಗರನ್ನ ಹಂಗಿಸೋ ಸೊಲ್ಲು ಇನ್ನೊಂದರಿಂದ. ಹಳೇ ಸೊಲ್ಲೇ ಆದರೂ ಆವತ್ತಿನ ಮದುಮಗಳಿಗೆ ಹೊಂದೋ ಹಾಗೆ ಕೂಡಿಸಬೇಕು, ಕೂಡಿಸಿದ ಕಡೆ ರಾಗ ಹರೀಬಾರದು. ‘ಕಂತೆಗೆ ತಕ್ಕ ಬೊಂತೆ’ ಅಂತ ಗಾದೆಯನ್ನ ಹೀಯಾಳಿಸೋಕೆ ಬಳಸ್ತಾರೆ. ಬೊಂತೆ ಹೊಲಿದು ನೋಡಿದರೆ ಹೀಯಾಳಿಸೋ ಬಾಯಿ ಸ್ವಲ್ಪ ಮೆತ್ತಗಾಗುತ್ತೆ.

ಬೊಂತೆಯ ಕುಂದನ್ನೂ ಹೇಳಬೇಕು, ಇಲ್ಲದಿದ್ದರೆ ಇದು ವಿಮರ್ಶೆ ಆಗಲ್ಲ, ಹೊಗಳುಭಟ್ಟರ ಪದ ಆಗುತ್ತೆ. ಬೊಂತೆ ಭಾರ. ಒಗೆದು ಹಿಂಡೋಕೆ ಇಬ್ಬರು ಬೇಕು. ಮಳೆಗಾಲದಲ್ಲಿ ಒಣಗಲ್ಲ, ಮುಗ್ಗಲು ಹಿಡಿಯುತ್ತೆ. ತಿಗಣೆಗೆ ಅದಕ್ಕಿಂತ ಒಳ್ಳೆ ಮನೆ ಇಲ್ಲ. ಹೊಲಿಯೋ ಹೆಂಗಸರ ಮಧ್ಯಾಹ್ನಗಳಿಗೆ ಯಾರೂ ಕೂಲಿ ಲೆಕ್ಕ ಹಾಕಲಿಲ್ಲ. ಇನ್ನೊಂದು ದೊಡ್ಡ ಮಾತು: ಬೊಂತೆಯನ್ನ ಹೊಲಿಸಿದ್ದು ಬಡತನ. ಹೊಸ ಹೊದಿಕೆ ತರೋಕೆ ಕಾಸಿಲ್ಲ ಅಂತ ಹೊಲಿದದ್ದನ್ನ ‘ನಮ್ಮ ಹಿರೀಕರು ಪರಿಸರ ಕಾಪಾಡಿದರು’ ಅಂತ ಭಾಷಣ ಮಾಡಿದರೆ ಅರ್ಧ ನಿಜ ಮಾತ್ರ. ಆದರೆ ಬಡತನದಲ್ಲಿ ಕಲಿತ ಜಾಣತನ ಬಡತನ ಹೋದ ಮೇಲೂ ಜಾಣತನವೇ. ಅದನ್ನ ಉಳಿಸಿಕೊಳ್ಳೋದರಲ್ಲಿ ನಾಚಿಕೆ ಏನೂ ಇಲ್ಲ.

ಈಗ ಬೊಂತೆಯಿಂದ ಹಿಂದಕ್ಕೆ ಹೋಗೋಣ, ಬಟ್ಟೆ ಹುಟ್ಟೋ ಕಡೆಗೆ. ನಮ್ಮ ಸೀಮೆಯಲ್ಲಿ ಕುರುಬರು ನೇಯೋ ಕರಿ ಕಂಬಳಿಯನ್ನ ನೋಡಿ. ಉಣ್ಣೆ ನೂಲಿಗೆ ಹುಣಸೆ ಬೀಜದ ಸರಿ ಹಾಕಿ, ಪಟ್ಟಿ ನೇಯ್ದು, ಪಟ್ಟಿ ಪಟ್ಟಿ ಸೇರಿಸಿ ಹೊಲೀತಾರೆ. ಕತ್ತರಿಗೆ ಕೆಲಸವೇ ಇಲ್ಲ. ಮಳೆ ಬಂದರೆ ಒಂದು ಮಡಿಕೆ ಹಾಕಿ ತಲೆ ಮೇಲಿಟ್ಟರೆ ಕೊಪ್ಪೆ, ಬಿಚ್ಚಿದರೆ ಹಾಸಿಗೆ, ನೆಲದ ಮೇಲೆ ಹರಡಿದರೆ ಕಾಳು ಒಣಗಿಸೋಕೆ ಆಗುತ್ತೆ. ಸೀರೆ, ಪಂಚೆ, ಟವೆಲು ಎಲ್ಲವೂ ಇದೇ ಜಾತಿ. ಮಗ್ಗದಿಂದ ಇಳಿದ ಹಾಗೇ ಮೈಗೆ ಬರ್ತವೆ. ಯಾರು ಉಟ್ಟರೂ ಹೊಂದುತ್ತೆ. ಮಗಳಿಗೆ ಆಗುತ್ತೆ, ಬಾಣಂತಿಗೆ ಆಗುತ್ತೆ, ಸೊರಗಿದ ಮುದುಕಿಗೂ ಆಗುತ್ತೆ. ಅಳತೆ ತಪ್ಪಿತು ಅಂತ ಎಸೆಯೋ ಪ್ರಸಂಗವೇ ಇಲ್ಲ. ನಮ್ಮವರೇ ಅಲ್ಲ, ಜಪಾನಿನವರ ಕಿಮೋನೋ ಕೂಡ ಕಿರಿದಾದ ಉದ್ದ ಬಟ್ಟೆಯನ್ನ ನೇರ ನೇರ ತುಂಡು ಮಾಡಿ ಜೋಡಿಸೋದು. ಹಳೇ ಕಾಲದಲ್ಲಿ ಒಗೆಯೋಕೆ ಅದರ ಹೊಲಿಗೆಯನ್ನೇ ಬಿಚ್ಚಿ, ಪಟ್ಟಿಗಳನ್ನ ಒಗೆದು ಮತ್ತೆ ಹೊಲೀತಿದ್ದರಂತೆ.

ಮಗ್ಗದ ಮೇಲೂ ಇದೇ ಎಚ್ಚರ ಇತ್ತು. ಸೇಲಂ ಪೇಟೆಯಲ್ಲೂ ಸುತ್ತಿನ ಊರುಗಳಲ್ಲೂ ಮನೆಮಾತು ಕನ್ನಡವಾಗಿರೋ ದೇವಾಂಗ ನೇಕಾರರು ತಲೆಮಾರುಗಳಿಂದ ಇದ್ದಾರೆ. ನಾವು ಹಾಸು ಅನ್ನೋದನ್ನ ಅವರಲ್ಲಿ ಕೆಲವರು ತಮಿಳಿನ ಹಾಗೆ ಪಾವು ಅಂತಾರೆ. ಒಂದು ಹಾಸು ಮುಗಿದಾಗ ಮಗ್ಗದಲ್ಲಿ ಉಳಿಯೋ ತುದಿಯನ್ನ ಕಿತ್ತೆಸೆಯಲ್ಲ. ಆ ಎಳೆ ಎಳೆಗೂ ಹೊಸ ಹಾಸಿನ ಎಳೆಯನ್ನ ಬೂದಿ ಬೆರಳಲ್ಲಿ ಹೊಸೆದು ಕೆಚ್ಚುತ್ತಾರೆ. ಸಾವಿರಾರು ಎಳೆ. ಹಳೇ ಹಾಸು ಹೊಸ ಹಾಸನ್ನ ಅಚ್ಚಿನೊಳಕ್ಕೆ ಕೈ ಹಿಡಿದು ಕರೆದುಕೊಂಡು ಹೋದ ಹಾಗೆ.

ಕಸ ಶುರುವಾಗೋದು ಕತ್ತರಿ ಬಂದಾಗ. ನಮ್ಮ ಧರ್ಮಪುರಿ ಜಿಲ್ಲೆಯಿಂದ ಎಷ್ಟೋ ಹುಡುಗ ಹುಡುಗಿಯರು ತಿರುಪ್ಪೂರಿನ ಬನಿಯನ್ ಕಂಪನಿಗಳಿಗೆ ಹೋಗಿದ್ದಾರೆ. ಅವರನ್ನ ಕೇಳಿ, ಹೇಳ್ತಾರೆ. ಮೇಜಿನ ಮೇಲೆ ಬಟ್ಟೆಯನ್ನ ಪದರ ಪದರ ಹಾಸಿ, ಮೇಲೆ ಅಳತೆಯ ಗೆರೆ ಇಟ್ಟು, ಮಿಷಿನ್ ಕತ್ತರಿಯಲ್ಲಿ ಒಂದೇ ಸಲ ಕೊಯ್ಯೋದು. ಕತ್ತು ದುಂಡಗೆ, ಕಂಕುಳು ದುಂಡಗೆ. ದುಂಡು ಕೊಯ್ದ ಮೇಲೆ ನಡುವೆ ಉಳಿಯೋದೆಲ್ಲ ಚೂರು. ಉಡುಪಿನ ಕೆಲಸದಲ್ಲಿ 100 ಮೀಟರ್ ಬಟ್ಟೆಗೆ ಸುಮಾರು 10ರಿಂದ 15 ಮೀಟರ್ ಹೀಗೆ ಮೇಜಿನ ಕೆಳಗೆ ಹೋಗುತ್ತೆ ಅನ್ನೋದು ಬಲ್ಲವರ ಅಂದಾಜು. ರೈತರ ಭಾಷೆಯಲ್ಲಿ ಹೇಳೋದಾದರೆ ಹತ್ತು ಮೂಟೆ ರಾಗಿ ಬೆಳೆದು ಒಂದು ಮೂಟೆಗಿಂತ ಹೆಚ್ಚು ಕಣದಲ್ಲೇ ಬಿಟ್ಟು ಬಂದ ಹಾಗೆ. ಯಾರೂ ಉಡೋಕೆ ಮುಂಚೆಯೇ ಇಷ್ಟು.

ಆ ಚೂರು ಪೂರ್ತಿ ಹಾಳಾಗಲ್ಲ, ಅದನ್ನೂ ಹೇಳಬೇಕು. ಒಂದಷ್ಟು ಮಿಷಿನ್ ಒರೆಸೋಕೆ ಹೋಗುತ್ತೆ. ಒಂದಷ್ಟನ್ನ ಬಣ್ಣ ಬಣ್ಣಕ್ಕೆ ಆರಿಸಿ, ಕೆದರಿ, ಮತ್ತೆ ಹತ್ತಿಯ ಹಾಗೆ ಮಾಡಿ, ಕೊಯಮತ್ತೂರು ಪಲ್ಲಡಂ ಕಡೆಯ ಗಿರಣಿಗಳಲ್ಲಿ ನೂಲು ತೆಗೀತಾರೆ. ಬಣ್ಣದ ಚೂರಿಂದ ಬಂದ ನೂಲಿಗೆ ಮತ್ತೆ ಬಣ್ಣ ಹಾಕಬೇಕಾಗಿಲ್ಲ, ಅಷ್ಟು ನೀರು ಉಳೀತು. ಆದರೆ ಕೆದರಿದಾಗ ಎಳೆ ತುಂಡಾಗಿ ಮೋಟಾಗುತ್ತೆ. ಮೋಟು ಎಳೆಯ ನೂಲು ದಪ್ಪ, ಬಲ ಕಡಿಮೆ. ಹೊಸ ಹತ್ತಿ ಬೆರೆಸದೆ ನಯವಾದ ಅಂಗಿ ಆಗಲ್ಲ, ಜಮಖಾನೆಗೋ ನೆಲ ಒರೆಸೋ ಬಟ್ಟೆಗೋ ಸರಿ. ಅಂದರೆ ಒಂದು ಮೆಟ್ಟಿಲು ಕೆಳಗಿಳೀತು. ನಮ್ಮ ಸೀರೆಯೂ ಮೆಟ್ಟಿಲು ಇಳಿಯುತ್ತೆ, ಆದರೆ ಮೇಲಿನ ಮೆಟ್ಟಿಲಲ್ಲಿ ಹತ್ತು ವರ್ಷ ಕೂತು ಆಮೇಲೆ.

ಈ ಚೂರನ್ನೇ ಉಳಿಸದ ಹಾಗೆ ಗೆರೆ ಹಾಕೋದನ್ನ ಕೆಲವು ವಿನ್ಯಾಸಗಾರರು ಕಲಿತಿದ್ದಾರೆ. ಟಿಮೋ ರಿಸಾನೆನ್, ಹಾಲಿ ಮೆಕ್‌ಕ್ವಿಲನ್ ಅನ್ನೋ ಇಬ್ಬರು ಇದರ ಮೇಲೇ ಪುಸ್ತಕ ಬರೆದಿದ್ದಾರೆ. ಮೇಷ್ಟ್ರೊಬ್ಬರು ಅವರ ಕೆಲಸವನ್ನ ಫೋನಲ್ಲಿ ತೋರಿಸಿ ಅರ್ಥ ಹೇಳಿದರು. ತೋಳಿನ ಪಕ್ಕ ಉಳಿದ ಚೂರೇ ಜೇಬಾಗುತ್ತೆ, ಕತ್ತಿನ ದುಂಡೇ ಕಾಲರಿನೊಳಗೆ ಸೇರುತ್ತೆ. ಕತ್ತರಿ ಹಿಡಿದವರು ಬಟ್ಟೆಗೆ ಮರ್ಯಾದೆ ಕೊಟ್ಟದ್ದು ನೋಡಿ ಸಂತೋಷ ಆಯ್ತು. ಈ ಕೆಲಸಕ್ಕೆ ನನ್ನ ಕಡೆಯಿಂದ ಪೂರ್ತಿ ಮಾರ್ಕು. ಆದರೆ ಒಂದು ಪ್ರಶ್ನೆ ಉಳೀತು. ಚೂರಿಲ್ಲದೆ ಕೊಯ್ದ ಅಂಗಿಯನ್ನ ಆರು ತಿಂಗಳಿಗೆ ಬೇಜಾರಾಗಿ ಎಸೆದರೆ ಉಳಿಸಿದ್ದು ಏನು?

ಇದಕ್ಕಿಂತ ಮೂಲದ ಪ್ರಶ್ನೆ ನೂಲಿನದು. ‘ನೂಲಿನಂತೆ ಸೀರೆ, ತಾಯಿಯಂತೆ ಮಗಳು’ ಅಂತ ಕನ್ನಡದಲ್ಲೂ ಗಾದೆ ಇದೆ, ತಮಿಳಿನಲ್ಲೂ ಇದೆ. ಎರಡು ಭಾಷೆ ಸೇರಿ ಒಪ್ಪಿದ ಮಾತು. ರೇಷ್ಮೆ ಹುಳ ಸಾಕೋಳಾಗಿ ಇದನ್ನ ನಾನು ಕಣ್ಣಾರೆ ನೋಡಿದ್ದೀನಿ. ಹುಳ ತಿಂದು ಬಿಟ್ಟ ಕಡ್ಡಿ, ಹಿಕ್ಕೆ ಗೊಬ್ಬರಕ್ಕೆ. ಗೂಡು ಧರ್ಮಪುರಿ ಮಾರ್ಕೆಟ್ಟಿಗೆ. ನೂಲು ಬಿಚ್ಚಿದ ಮೇಲಿನ ಹುಳ ಕೋಳಿ, ಮೀನಿನ ಮೇವಿಗೆ. ಬಿಚ್ಚೋಕಾಗದ ತೂತು ಗೂಡು, ಸಿಕ್ಕು ಎಳೆಯನ್ನೂ ಬಾಚಿ ನೂಲ್ತಾರೆ, ಚನ್ನಪಟ್ಟಣದಲ್ಲಿ ಅದಕ್ಕೇ ಒಂದು ಗಿರಣಿ ಕಟ್ಟಿದ್ದರು. ಒಳ್ಳೆ ನೂಲಿಗೆ ಕೊನೇ ತನಕ ಒಂದಲ್ಲ ಒಂದು ದಾರಿ ಇರುತ್ತೆ.

ಈಗ ನಮ್ಮ ಪೆಟ್ಟಿಗೆಯಲ್ಲಿರೋ ಸೀರೆಗಳನ್ನ ತೆಗೆದು ನೋಡಿ. ಹೆಚ್ಚಿನವು ಪಾಲಿಯೆಸ್ಟರು. ಇಳಂಪಿಳ್ಳೈ ಕಡೆಯ ಪವರ್‌ಲೂಮ್ ಸೀರೆ ಅಂದರೆ ನಮ್ಮ ಹುಡುಗಿಯರಿಗೆ ಆಸೆ. ರೇಷ್ಮೆ ಹಾಗೆ ಹೊಳೆಯುತ್ತೆ, ಬೆಲೆ ಕೈಗೆ ಸಿಗುತ್ತೆ. ಅವರ ಆಸೆಯನ್ನ ನಾನು ಬೈಯಲ್ಲ. ನಮ್ಮ ಕಾಲದಲ್ಲಿ ವರ್ಷಕ್ಕೊಂದು ಸೀರೆಗೂ ಗತಿ ಇರಲಿಲ್ಲ. ಆದರೆ ಆ ಸೀರೆಯಲ್ಲಿ ಬೊಂತೆ ಹೊಲಿದು ನೋಡಿ. ಜಾರುತ್ತೆ. ಪದರ ಒಂದಕ್ಕೊಂದು ಹಿಡಿಯಲ್ಲ. ಬೆವರು ಕುಡಿಯಲ್ಲ. ಒಲೆ ಕಿಡಿ ಬಿದ್ದರೆ ಹತ್ತಿಯ ಹಾಗೆ ಸುಟ್ಟು ಬೂದಿಯಾಗಲ್ಲ, ಕರಗಿ ಮೈಗೆ ಅಂಟುತ್ತೆ. ಮಸಿಬಟ್ಟೆಗೆ ಆಗಲ್ಲ, ಕೂಸಿನ ಕೆಳಗೆ ಹಾಸೋಕೆ ಆಗಲ್ಲ, ಬತ್ತಿ ಹೊಸೆಯೋಕೆ ಆಗಲ್ಲ. ತಿಪ್ಪೆಗೆ ಹಾಕಿದರೆ ಮೂರು ವರ್ಷ ಆದ ಮೇಲೆ ನೇಗಿಲಿಗೆ ಸುತ್ತಿಕೊಂಡು ಬಣ್ಣ ಸಮೇತ ಮೇಲೆ ಬರುತ್ತೆ. ಮೊದಲ ಘಟ್ಟ ಆದ ಮೇಲೆ ಅದಕ್ಕೆ ಮುಂದಿನ ಘಟ್ಟವೇ ಇಲ್ಲ. ಹತ್ತಿ ಪಾಲಿಯೆಸ್ಟರ್ ಬೆರೆಸಿ ನೇಯ್ದದ್ದು ಇನ್ನೂ ಕಷ್ಟ, ಎರಡನ್ನ ಬೇರೆ ಮಾಡೋದು ದೊಡ್ಡ ಕಾರ್ಖಾನೆಗಳಿಗೂ ಸುಲಭ ಇಲ್ಲ.

ಪಾಲಿಯೆಸ್ಟರಿಗೂ ಮರುಹುಟ್ಟು ಇದೆ ಅಂತ ಹೇಳೋರಿದ್ದಾರೆ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಇಂಡಿಯನ್ ಆಯಿಲ್ ಕಂಪನಿಯವರು ಪ್ರಧಾನಿ ನರೇಂದ್ರ ಮೋದಿಯವರಿಗೆ ಹಳೇ ಪ್ಲಾಸ್ಟಿಕ್ ಬಾಟಲಿಯಿಂದ ತಯಾರಾದ ನೀಲಿ ಜಾಕೆಟ್ ಕೊಟ್ಟರು. ಫೆಬ್ರವರಿ 8ರಂದು ಅವರು ಅದನ್ನ ತೊಟ್ಟು ಪಾರ್ಲಿಮೆಂಟಿಗೆ ಬಂದರು. ರಸ್ತೆ ಬದಿಯ ಬಾಟಲಿಯನ್ನ ದೇಶವೇ ತಿರುಗಿ ನೋಡೋ ಹಾಗೆ ಮಾಡಿದ್ದು ಒಳ್ಳೇದು, ಆಯೋರಿಗೆ ನಾಲ್ಕು ಕಾಸು ಬಂದರೆ ಇನ್ನೂ ಒಳ್ಳೇದು. ಆದರೆ ವಿಮರ್ಶೆ ಮಾಡೋವಾಗ ಮುಂದಿನ ಹೆಜ್ಜೆಯನ್ನೂ ನೋಡಬೇಕು. ಬಾಟಲಿ ಮತ್ತೆ ಬಾಟಲಿ ಆಗಬಹುದಿತ್ತು. ಬಟ್ಟೆಯಾದ ಮೇಲೆ ಅದು ಮತ್ತೆ ಬಾಟಲಿ ಆಗೋದು ಬಲು ಅಪರೂಪ. ಒಗೆದಾಗೆಲ್ಲ ಕಣ್ಣಿಗೆ ಕಾಣದ ಎಳೆ ಉದುರಿ ನೀರಿಗೆ ಸೇರುತ್ತೆ. ಒಂದು ಸಲದ ಮರುಹುಟ್ಟು ಅದು. ಬೊಂತೆಯ ಹಾಗೆ ನಾಲ್ಕು ಸಲದ್ದಲ್ಲ.

ಬಣ್ಣದ ಮಾತು ಬಿಟ್ಟರೆ ಈ ವಿಮರ್ಶೆ ಅರ್ಧಕ್ಕೇ ನಿಲ್ಲುತ್ತೆ. ದೇವಾಂಗರ ಕತೆಯಲ್ಲಿ ಅವರ ಮೂಲಪುರುಷ ದೇವಲ ಋಷಿ ವಿಷ್ಣುವಿನ ನಾಭಿಕಮಲದ ದಂಟಿನಿಂದ ನೂಲು ತರ್ತಾನೆ. ದಾರಿಯಲ್ಲಿ ರಕ್ಕಸರು ಅಡ್ಡಗಟ್ತಾರೆ. ಚೌಡೇಶ್ವರಿ ತಾಯಿ ಬಂದು ಅವರನ್ನ ಕೊಲ್ತಾಳೆ. ರಕ್ಕಸರ ನೆತ್ತರು ಒಬ್ಬೊಬ್ಬನದು ಒಂದೊಂದು ಬಣ್ಣ, ಅದರಲ್ಲೇ ಋಷಿ ನೂಲಿಗೆ ಬಣ್ಣ ಕಟ್ಟಿದ. ಈ ಕತೆ ಕೇಳಿದಾಗೆಲ್ಲ ನನಗೆ ಒಂದೇ ಅನ್ನಿಸೋದು. ಬಣ್ಣ ಸುಮ್ಮನೆ ಬರಲ್ಲ, ಯಾರದೋ ನೆತ್ತರು ಹರಿದಿರುತ್ತೆ ಅಂತ ಹಿಂದಿನವರಿಗೆ ಗೊತ್ತಿತ್ತು. ನಮ್ಮ ಕಾಲದಲ್ಲಿ ಹರಿದದ್ದು ನೊಯ್ಯಲ್ ಹೊಳೆಯದು. ಹೊಲಕ್ಕೆ ನೀರು ಕೊಡೋಕೆ ಅಂತ 1992ರಲ್ಲಿ ಕಟ್ಟಿದ ಒರತ್ತುಪಾಳ್ಯಂ ಅಣೆಕಟ್ಟಿನಲ್ಲಿ ತಿರುಪ್ಪೂರಿನ ಬಣ್ಣದ ನೀರು ನಿಂತಿತು. ಕೆಳಗಿನ ರೈತರ ಹೊಲ, ಬಾವಿ ಉಪ್ಪಾಯಿತು. ರೈತರು ಕೋರ್ಟಿಗೆ ಹೋದರು, ಕೊನೆಗೆ 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟು ಬಣ್ಣದ ಘಟಕಗಳನ್ನ ಮುಚ್ಚಿಸಿತು. ಆಮೇಲೆ ಒಂದು ಹನಿ ಕೊಳೆ ನೀರೂ ಹೊರಗೆ ಬಿಡಬಾರದು ಅನ್ನೋ ಕಟ್ಟಳೆಯ ಮೇಲೆ ತೆರೆದರು. ನಮ್ಮ ಸೇಲಂನ ತಿರುಮಣಿಮುತ್ತಾರು ಹೊಳೆಗೂ ಬಣ್ಣದ ನೀರಿನ ಕಾಟ ತಪ್ಪಿದ್ದಲ್ಲ. ಎಸೆದ ಅಂಗಿಯನ್ನ ಮಾತ್ರ ಕಸ ಅಂತ ಲೆಕ್ಕ ಹಾಕಿದರೆ ಇದು ಲೆಕ್ಕಕ್ಕೇ ಬರಲ್ಲ. ಬೇಗ ಎಸೆಯೋ ಪ್ರತಿ ಅಂಗಿಯ ಹಿಂದೆ ಇನ್ನೊಂದು ಅಂಗಿಗೆ ಬಣ್ಣ ಹಾಕ್ತಿರ್ತಾರೆ.

ಬೇರೆ ದಾರಿ ಹಿಡಿದವರೂ ಇದ್ದಾರೆ. ಶಿವಮೊಗ್ಗ ಜಿಲ್ಲೆಯ ಹೆಗ್ಗೋಡಿನ ಹತ್ತಿರ ರಂಗಕರ್ಮಿ ಪ್ರಸನ್ನ ಅವರು ಹಳ್ಳಿ ಹೆಂಗಸರ ಜೊತೆ ಕಟ್ಟಿದ ‘ಚರಕ’ ಸಂಸ್ಥೆಯಲ್ಲಿ ಕೈಮಗ್ಗದ ಹತ್ತಿ ಬಟ್ಟೆಗೆ ಗಿಡಮೂಲದ ಬಣ್ಣ ಹಾಕ್ತಾರೆ. ಅಡಿಕೆ ಬೇಯಿಸಿದಾಗ ಸಿಗೋ ಚೊಗರೇ ಅವರಿಗೆ ಕೆಂಗಂದು ಬಣ್ಣ. ಒಂದು ಕಡೆಯ ಉಳಿಕೆ ಇನ್ನೊಂದು ಕಡೆಯ ಬಂಡವಾಳ, ಇದು ನನಗೆ ಬಹಳ ಹಿಡಿಸಿತು. ಕೈಮಗ್ಗದ ಬಟ್ಟೆಗೆ ನೇಯೋರ ಕೂಲಿ ಸೇರಿದ ಬೆಲೆ ಇರುತ್ತೆ, ಇರಲೇಬೇಕು. ಆದರೆ ಆ ಬೆಲೆಗೆ ಕೂಲಿ ಮಾಡೋ ಹೆಂಗಸು ಕೊಳ್ಳೋಕಾಗಲ್ಲ. ಕಸ ಕಡಿಮೆ ಮಾಡೋ ಬಟ್ಟೆ ಉಳ್ಳೋರಿಗೆ, ಕಸವಾಗೋ ಬಟ್ಟೆ ಇಲ್ಲದೋರಿಗೆ ಅಂತ ಆದರೆ ಸುಸ್ಥಿರ ಅನ್ನೋ ಮಾತಿಗೆ ಅರ್ಥ ಎಲ್ಲಿ ಬಂತು? ಇದು ಚರಕದೋರ ತಪ್ಪಲ್ಲ. ಇಡೀ ಮಾರುಕಟ್ಟೆಯ ಪ್ರಶ್ನೆ.

ಇನ್ನು ಬೊಂತೆಯ ನಕಲು. ಒಂದು ಪಟ್ಟಣದ ಅಂಗಡಿಯಲ್ಲಿ ತೇಪೆ ಹಾಕಿದ ಹಾಗೆ ಕಾಣೋ ಚೀಲ ನೋಡಿದೆ. ಹೊಸ ಬಟ್ಟೆಯನ್ನ ಚೂರು ಚೂರು ಕೊಯ್ದು ಜೋಡಿಸಿದ್ದರು. ಅದರ ಪಕ್ಕದಲ್ಲಿದ್ದ ಅಂಗಿಯಲ್ಲಿ ತೇಪೆಯೂ ಇಲ್ಲ, ತೇಪೆಯ ಚಿತ್ರ ಅಚ್ಚು ಹಾಕಿದ್ದರು. ಹರಿದ ಪ್ಯಾಂಟಿನದೂ ಇದೇ ಕತೆ, ಹೊಸದನ್ನ ದುಡ್ಡು ಕೊಟ್ಟು ಹರಿಸೋದು. ಇದು ಬೊಂತೆಯ ವೇಷ ಹಾಕಿ ಕಸವನ್ನೇ ಹೆಚ್ಚು ಮಾಡೋ ಕೆಲಸ. ವೇಷಕ್ಕೆ ಮೋಸ ಹೋಗದೆ ತಿರುವಿ ಒಳಭಾಗ ನೋಡೋದು ವಿಮರ್ಶಕರ ಮೊದಲ ಕೆಲಸ. ನಿಜವಾದ ತೇಪೆಯ ಹಿಂದೆ ಒಂದು ತೂತು ಇರುತ್ತೆ.

ಹಾಗಂತ ಬೊಂತೆ ಮನೆ ಬಿಟ್ಟು ಹೊರಗೆ ಹೋಗಬಾರದು ಅಂತ ನಾನು ಹೇಳಲ್ಲ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿ ಹೆಂಗಸರು ಕವಂದಿ ಹೊಲೀತಾರೆ. ನಮ್ಮ ಹಾಗೆ ಒಂದು ಕಡೆಯಿಂದ ಶುರು ಮಾಡಲ್ಲ. ಅಂಚಿನಿಂದ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬಂದು ಮುಗಿಸ್ತಾರೆ. ನಾಲ್ಕು ಮೂಲೆಗೂ ಬಟ್ಟೆ ಮಡಚಿ ಮೂರು ಮೂಲೆಯ ಹೂವು ಇಡ್ತಾರೆ. ಹೂವಿಲ್ಲದ ಕವಂದಿ ಅಂದರೆ ಅವರ ಕಣ್ಣಿಗೆ ಬೆತ್ತಲೆ. ನೋಡಿ, ಚಿಂದಿಯಲ್ಲಿ ಹೊಲೀತಿದ್ದರೂ ಬೇಕಾದಷ್ಟಕ್ಕೆ ನಿಲ್ಲಲಿಲ್ಲ, ಚೆಂದವನ್ನೂ ಬೇಡಿದರು. ಅಮೆರಿಕದ ಅಲಬಾಮಾದಲ್ಲಿ ಗೀಸ್ ಬೆಂಡ್ ಅನ್ನೋ ಊರಿನ ಕರಿಯ ಹೆಂಗಸರು, ಗುಲಾಮರಾಗಿ ದುಡಿದವರ ಮೊಮ್ಮಕ್ಕಳು ಮರಿಮಕ್ಕಳು, ಹಳೇ ಕೆಲಸದ ಬಟ್ಟೆಯಲ್ಲಿ ಹೊಲಿದ ಬೊಂತೆಗಳನ್ನ 2002ರಲ್ಲಿ ಹ್ಯೂಸ್ಟನ್ನಿನ ದೊಡ್ಡ ಮ್ಯೂಸಿಯಮ್ಮಿನ ಗೋಡೆಗೆ ಹಾಕಿದರು. 2006ರಲ್ಲಿ ಅಲ್ಲಿನ ಸರ್ಕಾರ ಅದರ ಅಂಚೆ ಚೀಟಿ ತಂತು. ಗೋಡೆಗೆ ಹಾಕಿದ ಬೊಂತೆ ಯಾರನ್ನೂ ಬೆಚ್ಚಗಿಡಲ್ಲ, ನಿಜ. ಆದರೆ ಅಲ್ಲಿ ಒಂದು ಒಳ್ಳೆ ಕೆಲಸ ಆಯ್ತು: ಹೊಲಿದವಳ ಹೆಸರನ್ನ ಪಕ್ಕದಲ್ಲಿ ಬರೆದರು. ನಮ್ಮ ಹಾಡಿಗೂ ಬೊಂತೆಗೂ ಆ ಭಾಗ್ಯ ಬರಲಿಲ್ಲ.

ಎಲ್ಲ ಕೂಡಿಸಿ ನನ್ನ ತೀರ್ಮಾನ ಇಷ್ಟು. ಬಟ್ಟೆ ಕಸ ಆಗುತ್ತೋ ಇಲ್ಲವೋ ಅನ್ನೋದು ಅದು ಹಳೇದಾದ ದಿನ ತೀರ್ಮಾನ ಆಗಲ್ಲ. ನೂಲು ಆರಿಸೋ ದಿನ, ಕತ್ತರಿ ಇಡೋ ದಿನವೇ ಆಗಿಹೋಗಿರುತ್ತೆ. ಕೊನೆಯಲ್ಲಿ ಚೂರು ಆರಿಸೋ ಕೆಲಸವನ್ನ ಎಷ್ಟು ಚೆನ್ನಾಗಿ ಮಾಡಿದರೂ ಮೊದಲಲ್ಲಿ ಕೆಟ್ಟದ್ದು ಸರಿ ಹೋಗಲ್ಲ. ಅದಕ್ಕೇ ಯಾವ ವಿನ್ಯಾಸಗಾರರ ಬಟ್ಟೆಯನ್ನ ತೂಗಬೇಕಾದರೂ ನಾನು ಹಿಡಿಯೋ ತಕ್ಕಡಿ ಬೊಂತೆಯೇ. ಇದು ಹತ್ತು ವರ್ಷ ಆದ ಮೇಲೆ ಬೊಂತೆಯೊಳಕ್ಕೆ ಹೋಗುತ್ತಾ, ಆಮೇಲೆ ತಿಪ್ಪೆಯಲ್ಲಿ ಕರಗುತ್ತಾ ಅಂತ ಕೇಳ್ತೀನಿ. ಹೌದು ಅಂದರೆ ಒಳ್ಳೆ ವಿನ್ಯಾಸ, ಹೊಳಪು ಎಷ್ಟಿದ್ದರೂ ಎಷ್ಟಿಲ್ಲದಿದ್ದರೂ.

ಮೇಷ್ಟ್ರುಗಳಿಗೆ, ಟೈಲರುಗಳಿಗೆ ಒಂದು ಮಾತು. ಹಿಂದೆ ಮಕ್ಕಳ ಲಂಗಕ್ಕೆ, ಚಡ್ಡಿಗೆ ಎರಡು ಬೆರಳು ಒಳಮಡಿಕೆ ಬಿಡ್ತಿದ್ದರು. ಮಗು ಬೆಳೆದ ಹಾಗೆ ಬಿಚ್ಚಿ ಇಳಿಸೋದು. ಒಂದು ಜೊತೆ ಬಟ್ಟೆ ಎರಡು ವರ್ಷ, ಆಮೇಲೆ ತಮ್ಮನಿಗೋ ತಂಗಿಗೋ. ಈಗ ಮಡಿಕೆಯೇ ಇಲ್ಲದೆ ಓವರ್‌ಲಾಕ್ ಹಾಕಿ ಮುಗಿಸ್ತಾರೆ. ಆ ಎರಡು ಬೆರಳು ಬಟ್ಟೆ ಮತ್ತೆ ಬಿಡಿ. ಯೂನಿಫಾರಂ ಹೊಲಿಸೋವಾಗ ಕೇಳಿ ಬಿಡಿಸಿ. ವರ್ಷದ ಕೊನೆಗೆ ಚಿಕ್ಕದಾದ ಯೂನಿಫಾರಂಗಳನ್ನ ಶಾಲೆಯಲ್ಲೇ ಒಂದು ಪೆಟ್ಟಿಗೆಯಲ್ಲಿ ಇಟ್ಟು, ಬೇಕಾದ ಮಕ್ಕಳು ಒಯ್ಯೋ ಹಾಗೆ ಮಾಡಿ. ಗುಂಡಿ ಹೊಲಿಯೋದು, ತೇಪೆ ಹಾಕೋದು ಗಂಡು ಮಕ್ಕಳಿಗೂ ಕಲಿಸಿ. ಇದಕ್ಕೆ ಯಾವ ಸ್ಕೀಮೂ ಬೇಕಾಗಿಲ್ಲ.

ಊರಿನ ಹೆಂಗಸರಿಗೆ ಇನ್ನೊಂದು ಮಾತು. ಪಾತ್ರೆ ಮಾರೋನು ಬಂದಾಗ ಹಳೇ ಹತ್ತಿ ಸೀರೆಗಳನ್ನ ಗಂಟು ಕಟ್ಟಿ ಒಂದು ಸ್ಟೀಲ್ ಡಬ್ಬಿಗೆ ಕೊಟ್ಟುಬಿಡ್ತೀರಿ. ಈ ಸಲ ಕೊಡೋಕೆ ಮುಂಚೆ ಬೊಂತೆ ಹೊಲಿಯೋಕೆ ಬರೋ ನಮ್ಮ ಮೂರು ನಾಲ್ಕು ಜನ ಮುದುಕಿಯರಲ್ಲಿ ಒಬ್ಬಳನ್ನ ಕೂರಿಸಿಕೊಂಡು ಸಾಲು ಹಿಡಿಯೋದು ಕಲಿತುಕೊಳ್ಳಿ. ಮಧ್ಯಾಹ್ನದ ಕೂಲಿ ಲೆಕ್ಕ ಹಾಕಿ ಅವಳ ಕೈಗೆ ಕೊಡಿ. ದೀಪಾವಳಿ ಕಳೆದ ಮೇಲೆ ಮನೆಯಲ್ಲಿರೋ ಬೊಂತೆಗಳನ್ನ ಬಿಸಿಲಿಗೆ ಹಾಕಿ, ತಿಗಣೆ ಕಳೆದು, ಒಂದು ದಿನಕ್ಕೆ ವಾಚನಾಲಯಕ್ಕೆ ತನ್ನಿ. ಹೊಲಿದವಳ ಹೆಸರನ್ನ ಒಂದು ಚೀಟಿಯಲ್ಲಿ ಬರೆದು ಪಿನ್ನು ಹಾಕಿ. ಹೆಸರು ಮರೆತಿದ್ದರೆ ಅವಳು ಯಾವ ಊರಿಂದ ಸೊಸೆಯಾಗಿ ಬಂದಳು ಅಂತಲಾದರೂ ಬರೆಯಿರಿ.